ಕಡಲ ಕಡೆಯ ಕಿಟಕಿ

ಬಂದ್ಯೋಡಿನ ಸಮೀಪದ ನಮ್ಮ ಹೊಸ ಇಗರ್ಜಿಗೆ, ಅಂದರೆ ಚರ್ಚಿಗೆ, ನಕ್ಷೆ ಬರೆದವರು ಕಾಲೇಜಿನಲ್ಲಿ ಕಲಿತವರಲ್ಲ. ಮೇಸ್ತ್ರಿಗಳೊಂದಿಗೆ ದುಡಿಯುತ್ತಲೇ ಕಲಿತವರು. ಜಾಗಕ್ಕೆ ಬಂದವರೇ ಚಿಟಿಕೆ ಮಣ್ಣು ಹಾರಿಬಿಟ್ಟು, "ಮೊದಲು ಗಾಳಿಯನ್ನು ಕೇಳುವ" ಎನ್ನುತ್ತಿದ್ದರು. ಯಾರು ಏನು ಸಲಹೆ ಕೊಟ್ಟರೂ ಅದೇ ಮಾತು.

ಒಂದು ಭಾನುವಾರ, ಹಳೆಯ ಇಗರ್ಜಿಯ ಹೊರಗೆ ಕೂತಿದ್ದ ನನ್ನ ಅಮ್ಮನನ್ನು ಅವರು ಕಂಡರು.

"ನೀವೆಂತ ಹೊರಗೆ ಕೂತದ್ದು?"

"ಧೂಪದ ಹೊಗೆಗೆ ಉಸಿರು ಕಟ್ತದೆ ಮಾರಾಯ್ರೆ. ನನಗೆ ಯಾವಾಗಲೂ ಇಲ್ಲೇ."

ಅವರು ಮುಗಿದಿದ್ದ ನಕ್ಷೆಯನ್ನು ತಿದ್ದಿ, ಕಡಲ ಕಡೆಗೆ ಅಗಲವಾದ ಕಿಟಕಿಯನ್ನೂ ಎದುರು ಗೋಡೆಯ ಮೇಲ್ಭಾಗದಲ್ಲಿ ಹೊಗೆ ಹೋಗಲು ಕಿಂಡಿಗಳನ್ನೂ ಇಟ್ಟರು.

ಹೊಸ ಇಗರ್ಜಿಯ ಮೊದಲ ಬಲಿಪೂಜೆಯ ಪ್ರಾರ್ಥನೆಯಂದು ಅವರೇ ಅಮ್ಮನನ್ನು ಕರೆದು ಆ ಕಿಟಕಿಯ ಪಕ್ಕ ಕೂರಿಸಿದರು. ಧೂಪದ ಹೊಗೆ ಎದ್ದಾಗ ನಾನು ಗಾಬರಿಯಿಂದ ತಿರುಗಿ ನೋಡಿದೆ. ಅಮ್ಮ ಎಲ್ಲರೊಂದಿಗೆ ಹಾಡುತ್ತಿದ್ದರು. ಇಗರ್ಜಿಯೊಳಗೆ ಅಮ್ಮನ ದನಿ ಕೇಳಿದ್ದು ನನಗೆ ಅದೇ ಮೊದಲು.