ಮೂರನೆಯ ಕರೆ

ರೇನರ್ಸ್ ಲೇನ್‌ನಲ್ಲಿ ನಾನು ಹೋಗುವ ಕಿರಾಣಿ ಅಂಗಡಿಯ ಹಿಂಬದಿಯಲ್ಲಿ ಉದ್ದನೆಯ ಫ್ರೀಜರ್ ಒಂದಿದೆ. ನುಗ್ಗೆಕಾಯಿ, ತೆಂಗಿನ ತುರಿ, ಹೆಚ್ಚಿದ ಬೆಂಡೆಕಾಯಿ ಎಲ್ಲವೂ ಅಲ್ಲಿ ಕಲ್ಲಾಗಿ ಬಿದ್ದಿರುತ್ತವೆ. ಒಳ್ಳೆಯ ಪೊಟ್ಟಣ ಯಾವಾಗಲೂ ತಳದಲ್ಲೇ ಇರುತ್ತದೆಂಬ ನಂಬಿಕೆ ನನ್ನದು. ಹೋದ ವಾರ ಹೀಗೇ ಅದರೊಳಗೆ ಬಗ್ಗಿ ಹುಡುಕುತ್ತಿದ್ದಾಗ, ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುತ್ತಿದ್ದಾಗ, ಬೆನ್ನ ಹಿಂದಿನಿಂದ ಯಾರೋ ‘ತಂಗೆವ್ವಾ’ ಎಂದರು. ಒಂದೇ ಸಲ. ನಾನು ತಿರುಗಲಿಲ್ಲ. ಬಗ್ಗಿಕೊಂಡೇ ಕಾಯ್ದೆ. ಮತ್ತೆ ಕರೆ ಬರಲಿಲ್ಲ. ಕೊನೆಗೆ ತಿರುಗಿ ನೋಡಿದರೆ ಬೇಳೆಯ ಚೀಲಗಳ ಹೊರತು ಅಲ್ಲಿ ಯಾರೂ ಇರಲಿಲ್ಲ. ಲಂಡನ್ನಿನಲ್ಲಿ ನನ್ನನ್ನು ಆ ಹೆಸರಿನಿಂದ ಕರೆಯುತ್ತಿದ್ದವಳು ಒಬ್ಬಳೇ, ನಮ್ಮವ್ವ. ಅವಳು ತೀರಿಕೊಂಡು ವರ್ಷಗಳೇ ಆಗಿವೆ.

ನೀವು ನಗಬಹುದು. ನಗುವುದಾದರೆ ನನ್ನ ತಮ್ಮನ ಕತೆ ಕೇಳಿದ ಮೇಲೆ ನಗಿ.

ತಮ್ಮ ಬಸವರಾಜ ಐಸ್ ಹಾಕಿ ಆಡುತ್ತಿದ್ದ. ಅಪ್ಪ ಈ ಸುದ್ದಿಯನ್ನು ಧಾರವಾಡಕ್ಕೆ ಫೋನ್ ಮಾಡಿ ಹೇಳಿದಾಗ ಸೋದರಮಾವ, “ಬರ್ಫದ ಮ್ಯಾಲ ಯಾಕ? ಲಂಡನ್ನಿನ್ಯಾಗ ಮೈದಾನ ಇಲ್ಲೇನು?” ಎಂದು ನಿಜಕ್ಕೂ ಮರುಗಿದ್ದರು. ಅದರಲ್ಲೂ ಇವನು ಡಿಫೆನ್ಸ್‌ನವನು. ಎದುರಾಳಿ ಚೆಂಡಿನ ಬದಲು ಒಂದು ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ನುಗ್ಗಿ ಬರುವಾಗ ಅವನಿಗೆ ಮುಖ ಕೊಟ್ಟು, ಅಷ್ಟೇ ವೇಗದಲ್ಲಿ ಹಿಂದಕ್ಕೆ ಜಾರುತ್ತಾ ಹೋಗುವುದು ಇವನ ಕೆಲಸ. ಬೆನ್ನ ಹಿಂದೆ ಏನಿದೆಯೆಂದು ಕಾಣುವುದಿಲ್ಲ. ಜೋಡಿಯವನು ಕೂಗಿ ಹೇಳಬೇಕು, ಇವನು ಆ ಕೂಗನ್ನು ನಂಬಬೇಕು.

ಆಟದ ವಿಡಿಯೋ ಒಂದನ್ನು ಅವ್ವನಿಗೆ ತೋರಿಸಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹಿಮ್ಮಡಿ ಮುಂದ ಮಾಡಿ ಹೋಗೂವು ಯಾವು ಅಂತ ಗೊತ್ತೈತೇನ ನಿನಗ?” ಎಂದಳು. ಗೊತ್ತಿತ್ತು. ಲಂಡನ್ನಿನ ಸಟನ್ನಿನಲ್ಲಿ ನಾವು ಬೆಳೆದ ಮನೆಯ ಹಿಂದೆ ಹುಣಸೆಮರವಾಗಲಿ ಹಾಳುಬಾವಿಯಾಗಲಿ ಇರಲಿಲ್ಲ, ರೈಲುಹಳಿ ಮಾತ್ರ ಇತ್ತು. ಆದರೆ ದೆವ್ವಗಳಿಗೂ ವೀಸಾ ಸಿಗುತ್ತದೆಂದು ಅವ್ವ ನಂಬಿದ್ದಳೆಂದು ಕಾಣುತ್ತದೆ. ಚಿಕ್ಕಂದಿನಿಂದ ನಮಗೆ ಅವಳದೊಂದು ಕಟ್ಟಪ್ಪಣೆ ಇತ್ತು.

“ಹಿಂದಿನಿಂದ ಒಂದ ಸಲಾ ಕರದ್ರ ಓ ಅನಬ್ಯಾಡ್ರಿ. ಎರಡಕ್ಕೂ ಬ್ಯಾಡ. ಅವಕ್ಕ ಮೂರ ಸಲಾ ಕರಿಯಾಕ ಬರಂಗಿಲ್ಲ.”

ಅಪ್ಪಣೆ ಕೊಟ್ಟವಳು ತಾನೂ ಪಾಲಿಸುತ್ತಿದ್ದಳು. ಊಟಕ್ಕೆ ಕರೆಯುವಾಗ ಮೆಟ್ಟಿಲ ಬುಡದಲ್ಲಿ ನಿಂತು “ಗುಂಡ್ಯಾ, ಗುಂಡ್ಯಾ, ಏ ಗುಂಡ್ಯಾ” ಎಂದು ಮೂರು ಸಲ ಕೂಗಿದ ಮೇಲೆಯೇ ಮೇಲಿನಿಂದ “ಕಮಿಂಗ್ ಅವ್ವಾ” ಎಂದು ಉತ್ತರ ಬರುತ್ತಿತ್ತು. ಗುಂಡ್ಯಾ ಎಂದರೆ ಬಸವರಾಜನೇ.

ಈ ಅಭ್ಯಾಸ ಅವನೊಂದಿಗೆ ಕಾಲೇಜಿನ ಟೀಮಿಗೂ ಹೋಯಿತು. ಅದು ತೊಂಬತ್ತರ ದಶಕದ ನಡುವಿನ ಮಾತು. ಜೋಡಿಯವನು ಕೂಗಿದರೆ ಇವನು ತಿರುಗುವುದೇ ಇಲ್ಲ. ಕೋಚ್ ತಲೆ ತಲೆ ಚಚ್ಚಿಕೊಂಡು, ಹುಡುಗ ಕಿವುಡನಿರಬೇಕೆಂದು ಜಿಪಿ, ಅಂದರೆ ಬಡಾವಣೆಯ ಡಾಕ್ಟರ, ಹತ್ತಿರ ಕಳಿಸಿದ. ಜಿಪಿ ಪರೀಕ್ಷೆ ಮಾಡಿ, ಇವನ ಕಿವಿ ನಾಯಿಯ ಕಿವಿಗಿಂತ ಚುರುಕು ಎಂದರು. ಗುಟ್ಟು ಹಿಡಿದವನು ಜೋಡಿಯ ಹುಡುಗ ಡ್ಯಾನಿ. ಒಂದು ಭಾನುವಾರ ನಮ್ಮ ಮನೆಗೆ ರೊಟ್ಟಿ ತಿನ್ನಲು ಬಂದವನು ಅವ್ವನ ಮೂರು ಕೂಗನ್ನು ಕೇಳಿಸಿಕೊಂಡ. ಮರುವಾರದಿಂದ ಬರ್ಫದ ಮೇಲೆ ಅವನು “ಬ್ಯಾಜ್! ಬ್ಯಾಜ್! ಬ್ಯಾಜ್!” ಎಂದು ಒಂದೇ ಉಸಿರಿಗೆ ಕೂಗತೊಡಗಿದ. ಬಸವರಾಜ ಅಲ್ಲಿ ಬ್ಯಾಜ್ ಆಗಿದ್ದ. ಆಮೇಲೆ ಇವನನ್ನು ದಾಟಿ ಹೋಗುವುದು ಯಾರಿಗೂ ಸುಲಭವಾಗಲಿಲ್ಲ.

ಕಾಲೇಜು ಮುಗಿಸಿ ಇಬ್ಬರೂ ಲಂಡನ್ನಿನ ಅಂಚಿನ ಒಂದು ಸಣ್ಣ ಟೀಮಿಗೆ ಸೇರಿದರು. ಕೆಳಗಿನ ಲೀಗು. ವೃತ್ತಿಪರ ಆಟಗಾರ ಎಂಬುದು ದೊಡ್ಡ ಮಾತು. ವಾರವಿಡೀ ಗೋದಾಮಿನ ಕೆಲಸ, ಶನಿವಾರ ಭಾನುವಾರ ಬಸ್ಸಿನಲ್ಲಿ ಯಾವುದೋ ಊರು, ಒದ್ದೆ ಕೈಗವುಸಿನ ನಾತ. ಆದರೂ ಮೇಲಿನ ಲೀಗಿಗೆ ಹೋಗುವ ಒಂದೇ ಕನಸಿನ ಮೇಲೆ ಅವನು ವರ್ಷಗಳನ್ನು ಕಳೆದ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಶರತ್ಕಾಲದಲ್ಲಿ ಅವ್ವ ಹೋದಳು. ಅದೇ ಚಳಿಗಾಲದಲ್ಲಿ ಮೇಲಿನ ಲೀಗಿನ ಕೋಚ್ ಒಬ್ಬ ಇವನ ಆಟ ನೋಡಲು ಬರುತ್ತಾನೆಂದು ಸುದ್ದಿ ಬಂತು.

ಆ ದಿನ ನಾನೂ ಹೋಗಿದ್ದೆ, ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು. ಹಳೆಯ ಕಟ್ಟಡ. ಹೊರಗೆ ಮಳೆ ಬಂದರೆ ಒಳಗೆ ಬರ್ಫದಿಂದ ಮಂಜು ಏಳುತ್ತಿತ್ತು. ಆಟಗಾರರು ಮೊಣಕಾಲಿನ ಕೆಳಗೆ ಕಾಲೇ ಇಲ್ಲದವರಂತೆ ತೇಲಾಡುತ್ತಿದ್ದರು. ತಮ್ಮ ಅಂದು ಆಡಿದ ಹಾಗೆ ಎಂದೂ ಆಡಿರಲಿಲ್ಲ. ಆಟದ ಕೊನೆಯ ಭಾಗದಲ್ಲಿ ಎದುರಾಳಿ ಟೀಮಿನ ದಾಂಡಿಗನೊಬ್ಬ ಬಿಲ್ಲೆ ತಳ್ಳಿಕೊಂಡು ನುಗ್ಗಿ ಬಂದ. ಇವನು ಹಿಂದಕ್ಕೆ ಜಾರುತ್ತಾ ಹೊರಟ. ಇದ್ದಕ್ಕಿದ್ದಂತೆ ನಿಂತುಬಿಟ್ಟ. ನೆಟ್ಟಗಾದ. ಗೋಲಿನ ಹಿಂದಿನ ಖಾಲಿ ಮೂಲೆಯ ಕಡೆ ತಿರುಗಿದ. ಅವನ ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ಮರುಕ್ಷಣ ಆ ದಾಂಡಿಗ ಇವನನ್ನು ಅಂಗಳದ ಸುತ್ತಲಿನ ಹಲಗೆಗೋಡೆಗೆ ಅಪ್ಪಳಿಸಿದ. ಭುಜದ ಮೂಳೆ ಮುರಿಯಿತು. ನೋಡಲು ಬಂದ ಕೋಚ್ ಆಂಬುಲೆನ್ಸ್ ಬರುವ ಮೊದಲೇ ಎದ್ದು ಹೋಗಿದ್ದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಡ್ಯಾನಿಯ ಮುಖ ಬಿಳಿಚಿಕೊಂಡಿತ್ತು. “ಅದು ನಿಮ್ಮ ತಾಯಿಯ ಧ್ವನಿ, ನಾನೂ ಕೇಳಿದೆ. ಆದರೆ ಒಂದೇ ಸಲ ಕರೆದರು” ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ನೋಡಲಾರದೆ ನೆಲ ನೋಡಿದ. ನನಗೆ ಏನೂ ಕೇಳಿಸಿರಲಿಲ್ಲ. ಸಿಟ್ಟು ತಡೆಯಲಾಗಲಿಲ್ಲ. ಒಳಗೆ ಹೋಗಿ ಹಾಸಿಗೆಯ ಮೇಲಿದ್ದ ತಮ್ಮನನ್ನೇ ಬೈದೆ.

“ಒಂದ ಸಲಾ ಕರದ್ರ ಓ ಅನಬಾರದಂತ ಗೊತ್ತಿದ್ದಿಲ್ಲೇನೋ ನಿನಗ?”

“ಗೊತ್ತಿತ್ತಕ್ಕಾ. ಎರಡನೇದು ಬರದಿದ್ರ?”

ಭುಜ ಕೂಡಿತು, ಆಟ ಕೂಡಲಿಲ್ಲ. ಈಗ ಅದೇ ಕಟ್ಟಡದಲ್ಲಿ ಮಕ್ಕಳಿಗೆ ಹಿಂದಕ್ಕೆ ಜಾರುವುದನ್ನು ಕಲಿಸುತ್ತಾನೆ. ಎಲ್ಲರೂ ಅವನಿಗಾಗಿ ಅಯ್ಯೋ ಎಂದರು. ನನಗೆ ಮಾತ್ರ ಹೊಟ್ಟೆಕಿಚ್ಚು. ಕೊನೆಯ ದಿನಗಳಲ್ಲಿ ಅವ್ವನ ಹಾಸಿಗೆಯ ಪಕ್ಕ ಕೂತವಳು ನಾನು, ಅವಳು ಕರೆದದ್ದು ಅವನನ್ನು. ಅಡುಗೆಮನೆಯಲ್ಲಿ, ಟ್ಯೂಬ್ ಸ್ಟೇಷನ್ನಿನಲ್ಲಿ, ಎಲ್ಲೆಂದರಲ್ಲಿ ಬೆನ್ನನ್ನೇ ಕಿವಿ ಮಾಡಿಕೊಂಡು ಎಷ್ಟೋ ವರ್ಷ ಓಡಾಡಿದೆ. ಕರೆ ಬರಲಿಲ್ಲ. ಹೋದ ವಾರ ಬಂದಾಗ, ನೋಡಿ, ನಾನು ಅವ್ವ ಕಲಿಸಿದ ಪಾಠವನ್ನೇ ಪಾಲಿಸಿದೆ.

ಅಂದು ಸಂಜೆ ತಮ್ಮನಿಗೆ ಫೋನ್ ಮಾಡಿದೆ. “ಓ ಅಂದೇನಕ್ಕಾ?” ಎಂದು ಕೇಳಿದ. ಇಲ್ಲ ಎಂದೆ. ಇಬ್ಬರೂ ಹಾಗೇ ಫೋನ್ ಹಿಡಿದುಕೊಂಡಿದ್ದೆವು.

ನಿನ್ನೆ ಮತ್ತೆ ಆ ಅಂಗಡಿಗೆ ಹೋದೆ. ನುಗ್ಗೆಕಾಯಿ ಬೇಕಿರಲಿಲ್ಲ. ಫ್ರೀಜರ್‌ನ ಮುಚ್ಚಳ ಸರಿಸಿ ಬಗ್ಗಿದೆ. ತಣ್ಣನೆಯ ಹೊಗೆ ಮುಖಕ್ಕೆ ಬಂತು. ಕೈ ಮರಗಟ್ಟುವವರೆಗೆ ಕಾಯ್ದರೂ ಹಿಂದಿನಿಂದ ಯಾರೂ ಕರೆಯಲಿಲ್ಲ. ಆದರೂ ‘ಓ’ ಎಂದೆ. ಮತ್ತೆ ‘ಓ’ ಎಂದೆ. ಆಮೇಲೆ ಇನ್ನೊಂದು ಸಲ, ತುಸು ಜೋರಾಗಿ. ಇದು ದೆವ್ವವಲ್ಲ, ಅವಳ ಜೀವಂತ ಮಗಳೇ ಎಂದು ಅವ್ವನಿಗೆ ಗೊತ್ತಾಗಬೇಕಲ್ಲ.