ಬಿಟ್ಟಿ ಕಾರ್ಡೂ ಚಾಮಕ್ಕನ ಅನುಮಾನವೂ

ಮೇಟಗಳ್ಳಿಯ ಊದುಬತ್ತಿ ಕಾರ್ಖಾನೆಯಲ್ಲಿ ಚಾಮುಂಡೇಶ್ವರಿಯನ್ನು ಎಲ್ಲರೂ ಚಾಮಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಇನ್ನೊಂದು ಹೆಸರಿದೆ, ಅನುಮಾನದಕ್ಕ. ಅದು ಅವಳಿಗೂ ಗೊತ್ತು. ಸೊಪ್ಪಿನವಳು ಕೊಸರು ಎಂದು ಒಂದು ಹಿಡಿ ಹೆಚ್ಚು ಹಾಕಿದರೆ, ಚಾಮಕ್ಕ ಮೊದಲು ಆ ಹಿಡಿಯನ್ನೇ ಬಿಡಿಸಿ ನೋಡುತ್ತಾಳೆ.

ಸುಮ್ಮಸುಮ್ಮನೆ ಬಂದ ಗುಣವಲ್ಲ ಅದು. ಅವಳ ತಾಯಿ ಸಿದ್ದಲಿಂಗಮ್ಮನನ್ನು ಹಿಂದೊಮ್ಮೆ ಯಾರೋ ಉಚಿತ ಕಣ್ಣಿನ ಶಿಬಿರವೆಂದು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಹೋಗುವಾಗ ಮಂಜಾಗಿದ್ದ ಕಣ್ಣು ಬರುವಾಗ ಪೂರ್ತಿ ಕತ್ತಲಾಗಿತ್ತು. ತಂದೆ ಮರಿಯಯ್ಯ ವಿಚಾರಿಸಲು ಹೋದರೆ ಅಲ್ಲಿ ಶಾಮಿಯಾನವೂ ಇರಲಿಲ್ಲ, ಜನವೂ ಇರಲಿಲ್ಲ. ಬಿಟ್ಟಿ ಎಂಬ ಮಾತು ಕೇಳಿದರೆ ಚಾಮಕ್ಕನ ಹುಬ್ಬು ಗಂಟಾಗುವುದು ಅಂದಿನಿಂದ.

ಹೊಸ ಕಾರ್ಮಿಕ ಕಾನೂನು ಬಂದಿದೆ, ಇನ್ನು ಎಲ್ಲ ಕೆಲಸಗಾರರೂ ಕಡ್ಡಾಯವಾಗಿ ಇಎಸ್‌ಐಗೆ ಸೇರಬೇಕು ಎಂಬ ಸುದ್ದಿ ಕಾರ್ಖಾನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತೆಲ್ಲ ಅದೇ ಮಾತಾಯಿತು. ಇಎಸ್‌ಐ ಎಂದರೆ ಸರ್ಕಾರದ ವಿಮೆ. ಪ್ರತಿ ತಿಂಗಳೂ ಸಂಬಳದಲ್ಲಿ ಒಂದಿಷ್ಟು ಹಿಡಿಯುತ್ತಾರೆ, ಮಾಲೀಕರೂ ಒಂದಿಷ್ಟು ಹಾಕುತ್ತಾರೆ, ಕಾಯಿಲೆ ಬಿದ್ದರೆ ಚಿಕಿತ್ಸೆ ಸಿಗುತ್ತದೆ. ಎಲ್ಲರಿಗಿಂತ ಹಿರಿಯಳಾದ ಕಮಲಳಿಗೆ ಅದು ಸರಿಯೆನಿಸಿತು. ಗಂಡನನ್ನು ಕಳೆದುಕೊಂಡು ಒಬ್ಬಳೇ ಇರುವವಳು.

"ಸೇರ್ಕೊಂಡ್ಬುಡಾಣ ಕಣೆ. ನಾಳೆ ಮೈಗೆ ಉಸಾರಿಲ್ಲ ಅಂದ್ರೆ ನಂಗ್ಯಾರವ್ರೆ?"

"ಒಳ್ಳೇದಾಗಿದ್ರೆ ಬಲವಂತ ಯಾಕ್ ಮಾಡ್ತಾರೆ ಕಮಲಕ್ಕ?" ಎಂದಳು ಚಾಮಕ್ಕ. "ಜನ ತಾವಾಗೇ ಬಂದು ಸೇರ್ಕೊತಿರ್ಲಿಲ್ವಾ? ಬೇಡ ಅನ್ನಂಗಿಲ್ಲ ಅಂತ ಕಾನೂನು ಮಾಡವ್ರೆ ಅಂದ್ರೆ, ಜನ ಬೇಡ ಅಂತಾರೆ ಅಂತ ಅವ್ರಿಗೆ ಮೊದ್ಲೇ ಗೊತ್ತು."

"ನಾನೂ ನೀನೂ ಗಟ್ಟಿಯಾಗಿದ್ದಾಗ ಯಾರೂ ಸೇರಲ್ಲ. ಬಿದ್ದಾಗ ಎಲ್ರೂ ಸೇರ್ತೀವಿ ಅಂತಾರೆ. ಅದಕ್ಕೇ ಇರ್ಬೇಕು," ಎಂದಳು ಕಮಲ. ಚಾಮಕ್ಕ ಒಪ್ಪಲಿಲ್ಲ.

ಈ ಮಾತು ಮಾಲೀಕ ವಾಗೀಶನ ಕಿವಿಗೂ ಬಿತ್ತು. ವಾಗೀಶ ಜೋರಾಗಿ ಮಾತಾಡುವವನಲ್ಲ. ಒಂದು ಬೆಳಿಗ್ಗೆ ಎಲ್ಲರನ್ನೂ ಪ್ಯಾಕಿಂಗ್ ಶೆಡ್ಡಿನಲ್ಲಿ ಸೇರಿಸಿ ನಗುನಗುತ್ತ ಹೇಳಿದ.

"ಸರ್ಕಾರದ್ದು ಬೇಡ ಬಿಡಿ, ಅಲ್ಲಿ ಯಾರು ಕ್ಯೂ ನಿಲ್ತಾರೆ? ಒಂದು ಖಾಸಗಿ ಆಸ್ಪತ್ರೆಯವರ ಹತ್ರ ಮಾತಾಡಿದ್ದೀನಿ. ನಿಮಗೆಲ್ಲ ಕಂಪನಿಯಿಂದಲೇ ವಿಮೆ ಕಾರ್ಡು. ನಿಮ್ಮ ಸಂಬಳದಲ್ಲಿ ಏನೂ ಹಿಡಿಯೋದಿಲ್ಲ."

ಹೆಂಗಸರು ಚಪ್ಪಾಳೆ ತಟ್ಟಿದರು. ಚಾಮಕ್ಕ ಪಕ್ಕದಲ್ಲಿದ್ದ ನಾದಿನಿ ಸುಚಿತ್ರಾಳ ಕಡೆ ಬಗ್ಗಿ, "ಆಯುಧಪೂಜೆಗೆ ಕಡ್ಲೆಪುರಿ ಕೊಡೋದಕ್ಕೇ ಅಳೆದು ಸುರಿದು ಕೊಡೋ ಮನುಷ್ಯ ಇವ್ರು. ಏನೋ ಐತೆ," ಎಂದಳು.

"ಅತ್ತಿಗೆ, ನಿಮಗೆ ಸರ್ಕಾರದ್ದೂ ಬೇಡ, ಮಾಲೀಕರದ್ದೂ ಬೇಡ. ಮತ್ತೇನ್ ಬೇಕು?" ಎಂದು ಸುಚಿತ್ರಾ ನಕ್ಕಳು.

ಕಾರ್ಡು ಬಂದ ಸ್ವಲ್ಪ ದಿನಕ್ಕೇ ಆ ಆಸ್ಪತ್ರೆಯ ವ್ಯಾನು ಕಾರ್ಖಾನೆಯ ಅಂಗಳಕ್ಕೆ ಬಂತು. ಹೆಂಗಸರಿಗೆ ಆರೋಗ್ಯ ತಪಾಸಣೆ, ಸ್ಕ್ಯಾನಿಂಗ್ ಮಿಷನ್ನೂ ತಂದಿದ್ದೇವೆ ಎಂದರು. ಚಾಮಕ್ಕ ವ್ಯಾನಿನ ಹತ್ತಿರವೂ ಸುಳಿಯಲಿಲ್ಲ. ಸೆಂಟಿನ ಕೋಣೆಗೆ ಹೋಗಿ, ಯಾರೂ ಹೇಳದಿದ್ದರೂ ಕಡ್ಡಿಗಳನ್ನು ಸೆಂಟಿಗೆ ಅದ್ದುತ್ತ ಕೂತಳು.

ಸಂಜೆ ಸುಚಿತ್ರಾ ಮುಖ ಬಾಡಿಸಿಕೊಂಡು ಮನೆಗೆ ಬಂದಳು. ಗರ್ಭಕೋಶ ತೆಗೆಯಬೇಕಂತೆ. ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಂತೆ. ಕಾರ್ಡಿನಲ್ಲೇ ಎಲ್ಲ ಆಗುತ್ತದೆ, ಬರುವ ಸೋಮವಾರವೇ ಬಂದು ಸೇರಿಕೊಳ್ಳಿ ಎಂದಿದ್ದರು. ಮೂವತ್ತು ದಾಟಿ ಇನ್ನೂ ಬಹಳವಾಗಿರಲಿಲ್ಲ ಅವಳಿಗೆ. ಸೊಂಟನೋವು, ಆಗಾಗ ಬಿಳಿಸೆರಗು ಹೋಗುವುದು, ಇಷ್ಟೇ ಅವಳು ಹೇಳಿಕೊಂಡಿದ್ದ ತೊಂದರೆ.

"ಇನ್ಯಾರ್ಗೆ ಹೇಳಿದ್ರು ಇಂಗೆ?" ಚಾಮಕ್ಕ ಕೇಳಿದಳು.

"ಕಮಲಕ್ಕಂಗೆ. ಪ್ಯಾಕಿಂಗ್ ಚಂದ್ರಮತಿಗೂ."

"ಮೂವರ್ಗೂ ಒಂದೇ ಕಾಯಿಲೆನಾ? ಒಂದೇ ವ್ಯಾನಲ್ಲಿ? ಅದೂ ಸೋಮವಾರಕ್ಕೇ?"

ಚಾಮಕ್ಕನ ಗಂಡ ಹರೀಶ್‌ಗೆ ಉದಯಗಿರಿಯ ಗ್ಯಾರೇಜೊಂದರಲ್ಲಿ ಕೆಲಸ. ಕೈಗೆ ಅಂಟಿದ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದವನು ರೇಗಿದ. ತಂಗಿಗೆ ಏನಾದರೂ ಆದರೆ ಎಂಬ ಭಯ ಅವನಿಗೆ.

"ಡಾಕ್ಟ್ರಿಗಿಂತ ಜಾಸ್ತಿ ಓದಿದ್ದೀಯೇನೇ ನೀನು?"

"ಓದಿಲ್ಲ. ಅದಕ್ಕೇ ಓದಿರೋರು ಇನ್ನೊಬ್ರನ್ನ ಕೇಳಾಣ ಅಂತಿದ್ದೀನಿ. ನಿಮ್ಮ ಗ್ಯಾರೇಜಿಗೆ ಬಂದ ಗಾಡಿಗೆಲ್ಲ ಇಂಜಿನ್ನೇ ಇಳಿಸ್ಬೇಕು ಅಂತೀರಾ ನೀವು?"

ಹರೀಶ್ ಮತ್ತೆ ಗ್ರೀಸು ಒರೆಸತೊಡಗಿದ. ಹಾಗೆ ಅನ್ನುವ ಗ್ಯಾರೇಜುಗಳೂ ಅವನಿಗೆ ಗೊತ್ತಿದ್ದವು.

ಮಾರನೆಯ ದಿನ ಚಾಮಕ್ಕ ಮೂವರನ್ನೂ ಹೊರಡಿಸಿಕೊಂಡು ಸಿಟಿ ಬಸ್ಸಿನಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋದಳು. ಬಸ್ಸಿನಲ್ಲಿ ಕಮಲ ಕಿಟಕಿಯ ಕಂಬಿ ಹಿಡಿದು ಕೂತಿದ್ದಳು. ಚಾಮಕ್ಕ ಅವಳ ತೊಡೆ ತಟ್ಟಿ, "ನಿಮ್ಗೂ ಏನೂ ಇರಲ್ಲ ಬುಡಿ ಕಮಲಕ್ಕ, ಎಲ್ಲಾ ಬರೀ ಸುಳ್ಳು," ಎಂದಳು.

ಚೀಟಿಗೆ ಒಂದು ಸಾಲು, ಒಳಗೆ ಹೋಗಲು ಇನ್ನೊಂದು ಸಾಲು. ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. ಸುಚಿತ್ರಾಳನ್ನು ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ, "ಸೋಂಕು ಅಷ್ಟೇ. ಮಾತ್ರೆ ತಗೋ. ಯಾರಮ್ಮ ಗರ್ಭಕೋಶ ತೆಗೀಬೇಕು ಅಂದಿದ್ದು?" ಎಂದು ಕೇಳಿದರು. ಸುಚಿತ್ರಾ ತಲೆ ತಗ್ಗಿಸಿದಳು. ಚಂದ್ರಮತಿಗೂ ಮಾತ್ರೆಯಲ್ಲೇ ಮುಗಿಯಿತು. ಚಾಮಕ್ಕ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ತಾನು ಹೇಳಿದ್ದೇ ನಿಜವಾಯಿತಲ್ಲ ಎಂದು ಅವಳ ಮೈ ಹಗುರಾಯಿತು.

ಕಮಲ ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ. ಬಂದಾಗ ಅವಳ ಹಿಂದೆ ಡಾಕ್ಟರಮ್ಮನೂ ಬಂದರು.

"ಇವರ ಜೊತೆ ಯಾರಿದ್ದೀರಿ? ಇವರಿಗೆ ದೊಡ್ಡ ಗೆಡ್ಡೆಯಿದೆ. ಒಂದು ತುಣುಕನ್ನ ಪರೀಕ್ಷೆಗೆ ಕಳಿಸ್ತೀವಿ. ಏನೇ ಬಂದ್ರೂ ಆಪರೇಷನ್ ಆಗ್ಲೇಬೇಕು, ತಡ ಮಾಡೋ ಹಾಗಿಲ್ಲ."

ಚಾಮಕ್ಕನಿಗೆ ಮೊದಲು ಬಂದದ್ದು ದುಃಖವಲ್ಲ, ಅನುಮಾನವೇ. ಡಾಕ್ಟರಮ್ಮನ ಮುಖವನ್ನೇ ನೋಡುತ್ತ ನಿಂತಳು. ಇವರಿಗೂ ಆ ವ್ಯಾನಿನವರಿಗೂ ಏನಾದರೂ ಸಂಬಂಧವಿರಬಹುದೇ? ಇಬ್ಬರನ್ನು ಬಿಟ್ಟು ಒಬ್ಬಳನ್ನು ಹಿಡಿದರೆ ಜನ ನಂಬುತ್ತಾರೆ ಎಂಬ ಲೆಕ್ಕವೇ? ಕಮಲಳ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋದಳು.

"ಕಮಲಕ್ಕ, ಇನ್ನೊಂದು ಕಡೆ ತೋರಿಸಾಣ. ಯಾದವಗಿರೀಲಿ ಒಬ್ರು ಡಾಕ್ಟ್ರು ಅವ್ರೆ ಅಂತಾರೆ..."

ಕಮಲ ಕೈ ಬಿಡಿಸಿಕೊಂಡಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ನೀನು ಅನುಮಾನ ಪಟ್ಟಿದ್ದಕ್ಕೇ ಇಲ್ಲಿಗೆ ಬಂದ್ವಿ ಚಾಮಿ. ಆ ಇಬ್ರೂ ಉಳ್ಕೊಂಡ್ರು. ಇಲ್ಲೂ ಅನುಮಾನ ಪಟ್ರೆ ನಾನೆಲ್ಲಿಗೋಗ್ಲಿ ಹೇಳು? ಹೊಟ್ಟೆ ಒಳಗೆ ಭಾರ ಐತೆ ಅಂತ ನಂಗೇ ಗೊತ್ತು. ನೀನು ಏನೂ ಇಲ್ಲ ಅಂದೆ, ಅಂಗೇ ಇರ್ಲಿ ಅಂತ ನಂಬಿದ್ದೆ."

ಚಾಮಕ್ಕನಿಗೆ ಬಸ್ಸಿನಲ್ಲಿ ಆಡಿದ ಮಾತು ಬಾಯಿಗೆ ವಾಪಸು ಬಂದಂತೆ ಕಹಿಯಾಯಿತು. ಅವಳು ನೇರ ಡಾಕ್ಟರಮ್ಮನ ಬಳಿಗೆ ಹೋಗಿ, ಯಾವತ್ತು ಸೇರಿಸಬೇಕು, ಏನೇನು ತರಬೇಕು ಎಂದು ಕೇಳಿದಳು. ಗೆಡ್ಡೆ ಯಾವ ಕಡೆ ಇದೆ, ಎಷ್ಟು ದಪ್ಪ, ಮತ್ತೆ ಬರುತ್ತದೆಯೇ, ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಕೊಡುವವರು ಯಾರು ಎಂದೂ ಕೇಳಿದಳು. ಡಾಕ್ಟರಮ್ಮ ಬೇಸರಪಟ್ಟುಕೊಂಡೇ ಎಲ್ಲದಕ್ಕೂ ಉತ್ತರ ಕೊಟ್ಟರು.

ಆಪರೇಷನ್ ಆಯಿತು. ಗೆಡ್ಡೆಯಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ವರದಿಯೂ ಬಂತು. ಆದರೆ ಕಮಲ ಕೆಲವು ವಾರ ಭಾರ ಎತ್ತುವಂತಿರಲಿಲ್ಲ, ಹೆಚ್ಚು ಹೊತ್ತು ಕೂರುವಂತಿರಲಿಲ್ಲ. ಕೆಲಸಕ್ಕೆ ಹೋಗದಿದ್ದರೆ ಕೂಲಿಯಿಲ್ಲ. ಚಾಮಕ್ಕ ದಿನಾ ಮುದ್ದೆ, ಸಾರು ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಒಂದು ದಿನ ವಾಗೀಶನನ್ನು ನೇರವಾಗಿ ಕೇಳಿಯೂಬಿಟ್ಟಳು.

"ಸಾರ್, ನೀವು ಕೊಟ್ಟಿರೋ ಕಾರ್ಡಲ್ಲಿ ಮನೇಲಿ ಮಲಗಿರೋ ದಿನಕ್ಕೇನಾದ್ರೂ ಬರ್ತದಾ?"

"ಮಲಗಿದ್ದಕ್ಕೆ ಯಾರಮ್ಮ ಸಂಬಳ ಕೊಡ್ತಾರೆ?" ಎಂದು ವಾಗೀಶ ನಕ್ಕ.

ಕಮಲ ಇನ್ನೂ ಮನೆಯಲ್ಲಿದ್ದಾಗಲೇ, ಒಂದು ಸಂಜೆ ವಾಗೀಶ ಚಾಮಕ್ಕನನ್ನು ಕರೆಸಿದ.

"ಚಾಮುಂಡೇಶ್ವರಮ್ಮ, ನಾಳೆ ನೀವು ರಜ ತಗೊಳ್ಳಿ. ಸಂಬಳ ಹಿಡಿಯೋದಿಲ್ಲ. ಇನ್ನೂ ಕೆಲವರಿಗೆ ಹೇಳಿದ್ದೀನಿ. ಇಎಸ್‌ಐ ಕಡೆಯಿಂದ ಒಬ್ಬರು ಬರ್ತಾರಂತೆ. ನಿಮಗಂತೂ ಅದು ಬೇಡ ಅಲ್ವಾ?"

ಹೌದು, ಅವಳಿಗೆ ಬೇಡವಾಗಿತ್ತು. ಅಷ್ಟು ದಿನ ಎಲ್ಲರೆದುರು ಹಾಗೇ ಹೇಳುತ್ತಿದ್ದಳು. ಆದರೆ ಮನೆಗೆ ನಡೆಯುತ್ತ ಅವಳಿಗೆ ಒಂದೇ ಯೋಚನೆ. ಅವ್ವ ತೀರಿಕೊಂಡಾಗಲೂ ಸಂಬಳ ಹಿಡಿದವರು ಇವತ್ತು ತಾವಾಗೇ ರಜೆ ಕೊಡುತ್ತಿದ್ದಾರೆ. ನನ್ನನ್ನು ಕಂಡರೆ ಇವರಿಗೆ ಏನು ಭಯ?

"ನಿಂಗ್ಯಾಕೆ ಅದೆಲ್ಲ, ಬಿಟ್ಟಿ ರಜ ಸಿಕ್ತು, ಮಲಕ್ಕೊ," ಎಂದ ಹರೀಶ್.

ಬಿಟ್ಟಿ ಎಂಬ ಮಾತು ಕೇಳಿದ ಮೇಲೆ ಅವಳು ಮಲಗುವುದುಂಟೇ. ಬೆಳಿಗ್ಗೆ ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೊರಟಳು.

ಶೆಡ್ಡಿನಲ್ಲಿ ಅರ್ಧಕ್ಕರ್ಧ ಮಣೆಗಳು ಖಾಲಿಯಿದ್ದವು. ಇಎಸ್‌ಐ ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಚಾಮಕ್ಕನನ್ನು ಕಂಡು ವಾಗೀಶನ ನಗು ನಿಂತಿತು. "ಇವರು ಯಾರೋ..." ಎಂದು ಶುರು ಮಾಡಿದ.

"ಯಾರೋ ಅಲ್ಲ ಸಾರ್, ಇಲ್ಲೇ ಕೆಲ್ಸ ಮಾಡೋಳು. ಬಾಳ ವರ್ಷದಿಂದ," ಎಂದಳು ಚಾಮಕ್ಕ ಇನ್ಸ್‌ಪೆಕ್ಟರ ಕಡೆ ತಿರುಗಿ. "ಒಂದು ಮಾತು ಕೇಳ್ಲಾ? ನಂಗೆ ನಿಮ್ಮ ವಿಮೆ ಮೇಲೆ ನಂಬಿಕೆ ಇಲ್ಲ. ಆದ್ರೆ ನಾನಿಲ್ಲಿರೋದೇ ಗೊತ್ತಾಗ್ಬಾರ್ದು ಅಂತ ಯಾಕೆ ರಜ ಕೊಟ್ರು?"

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟರು. "ಹತ್ತು ಜನ ಇದ್ರೆ ಸೇರಿಸ್ಲೇಬೇಕಮ್ಮ, ಈ ಕಾನೂನು ಹಳೇದೇ. ಅಷ್ಟು ಜನ ಇಲ್ಲ ಅಂತ ಇವರು ಹೇಳ್ತಾ ಬಂದಿದ್ದಾರೆ. ಸೇರಿಸಿದ್ರೆ ನಿಮಗಿಂತ ಹೆಚ್ಚು ಇವರೇ ಕಟ್ಟಬೇಕು."

"ಕಾಯಿಲೆ ಬಿದ್ದು ಮಲಗಿದ್ರೆ?"

"ನಿಯಮದ ಪ್ರಕಾರ ಕೂಲಿಯಲ್ಲಿ ಬಹುಪಾಲು ಸಿಗುತ್ತೆ."

ಚಾಮಕ್ಕ ವಾಗೀಶನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದ.

ಆಮೇಲೆ ಎಲ್ಲರನ್ನೂ ಇಎಸ್‌ಐಗೆ ಸೇರಿಸಲಾಯಿತು. ಆದರೆ ಕಮಲ ಕಳೆದುಕೊಂಡ ವಾರಗಳ ಕೂಲಿ ಸಿಗಲಿಲ್ಲ. ಅದು ಸೇರುವ ಮುಂಚಿನ ಮಾತು ಎಂದರು. ವಾಗೀಶನಿಗೂ ಆ ಆಸ್ಪತ್ರೆಯವರಿಗೂ ಏನಾದರೂ ಒಪ್ಪಂದವಿತ್ತೇ ಎಂಬುದು ಇವತ್ತಿಗೂ ತಿಳಿಯದು. ಇತ್ತು ಎನ್ನುತ್ತಾಳೆ ಚಾಮಕ್ಕ. ಅವಳಿಗೆ ಈಗ ಕಾಯಂ ಆಗಿ ಸೆಂಟಿನ ಕೋಣೆಯ ಕೆಲಸ. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತದೆ. ವಾಗೀಶ ಸಿಟ್ಟಿನಿಂದ ಅಲ್ಲಿಗೆ ಹಾಕಿದ್ದೆಂದು ಅವಳಿಗೆ ಗೊತ್ತು, ಕೆಲಸ ಬಿಟ್ಟು ಹೋಗಲಿ ಎಂದು ಕಾಯುತ್ತಿದ್ದಾನೆಂದೂ ಗೊತ್ತು. ಬಿಟ್ಟಿಲ್ಲ.

ಇಎಸ್‌ಐ ಕಾರ್ಡು ಕೈಗೆ ಬಂದ ದಿನ ಹರೀಶ್ ಕೆಣಕಿದ. "ಕೊನೆಗೂ ಒಪ್ಕೊಂಡೆ ಅನ್ನು."

"ಒಪ್ಕೊಂಡಿಲ್ಲ. ಸೇರ್ಕೊಂಡಿದ್ದೀನಿ ಅಷ್ಟೇ. ಹಿಡಿದಿದ್ದನ್ನ ಸರಿಯಾಗಿ ಕಟ್ತಾರೋ ಇಲ್ವೋ, ಅದನ್ನೂ ನೋಡ್ಬೇಕು."

ಕಾರ್ಖಾನೆಯ ಹೆಂಗಸರಲ್ಲಿ ಯಾರಿಗೆ ಆಸ್ಪತ್ರೆಗೆ ಹೋಗುವುದಿದ್ದರೂ ಈಗ ಚಾಮಕ್ಕನನ್ನು ಜೊತೆಗೆ ಕರೆಯುತ್ತಾರೆ. ಅವಳು ಹೋಗುತ್ತಾಳೆ. ಡಾಕ್ಟರ ಮುಂದೆ ಕೂತು ಯಾಕೆ, ಏನು, ಇದಲ್ಲದೆ ಬೇರೆ ದಾರಿ ಇಲ್ಲವೇ ಎಂದು ಕೇಳುತ್ತಾಳೆ. ಏನೂ ಇಲ್ಲ ಬುಡಿ ಎಂಬ ಮಾತನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಮೊನ್ನೆ ಸುಚಿತ್ರಾ ಜ್ವರವೆಂದು ಹೋದಾಗ, ಔಷಧಿ ಕೊಡುವವನು ಕಿಟಕಿಯಲ್ಲಿ ಚಾಮಕ್ಕನ ಮುಖ ಕಂಡವನೇ, ಕೇಳುವ ಮೊದಲೇ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಅವಧಿ ಮುಗಿಯುವ ತಾರೀಕು ತೋರಿಸಿದನಂತೆ. ಅವಳು ಅದನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಇನ್ನೊಮ್ಮೆ ಓದಿದಳು.