ಗಣಿತದ ಕ್ಲಾಸಿನ ಆರನೆಯ ಹೆಸರು

ಮೊನ್ನೆ ಮಗಳು ಹಳೆಯ ಗಾದಿಗಳನ್ನು ಬಿಚ್ಚಿಸಿ ಹತ್ತಿ ಹಿಂಜಿಸಲು ಒಬ್ಬನನ್ನು ಕರೆಸಿದ್ದಳು. ಅವನು ಅಂಗಳದಲ್ಲಿ ಕುಳಿತು ಹತ್ತಿ ಹಿಂಜತೊಡಗಿದ. ಬಿಸಿಲಿನಲ್ಲಿ ಹಾರಾಡಿದ ಎಳೆಗಳೂ ಹಳೆಯ ಹತ್ತಿಯ ಒಣ ವಾಸನೆಯೂ ಪಡಸಾಲೆಯಲ್ಲಿದ್ದ ನನ್ನವರೆಗೂ ಬಂದವು. ನಾನು ಪೇಪರು ಓದುತ್ತಿದ್ದವನು ಕನ್ನಡಕ ತೆಗೆದಿಟ್ಟೆ. ಈ ವಾಸನೆಯ ಜೊತೆಗೆ ನನಗೆ ಯಾವಾಗಲೂ ಒಂದು ಮುಖ ನೆನಪಾಗುತ್ತದೆ. ಹುಬ್ಬಿನ ಮೇಲೆಲ್ಲ ಹತ್ತಿ ಮೆತ್ತಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತ ಮುಖ…

ನಾವು ಅವರನ್ನು ಗಂಟಿ ಕಾಕಾ ಎನ್ನುತ್ತಿದ್ದೆವು. ಕೊಪ್ಪಳದ ನಮ್ಮ ಹೈಸ್ಕೂಲಿನ ಚಪರಾಸಿ. ಆಗ ಎಲ್ಲರೂ ಅವರ ಬಗ್ಗೆ ‘ಅವ’, ‘ಇವ’ ಎಂದೇ ಮಾತಾಡುತ್ತಿದ್ದರು, ನಾನೂ ಅದಕ್ಕೆ ಹೊರತಲ್ಲ. ಈ ವಯಸ್ಸಿನಲ್ಲಿ ಹಾಗೆ ಬರೆಯಲು ಮನಸ್ಸು ಒಪ್ಪುವುದಿಲ್ಲ. ಮೂವತ್ತರ ಆಸುಪಾಸಿನ ಸಣಕಲು ಮೈ, ಎದೆಯ ಮೇಲೆ ಅಡ್ಡ ಪಟ್ಟಿ, ಪಟ್ಟಿಯ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಬಿಲ್ಲೆ. ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡೇ ನಮ್ಮ ಗಂಟೆ. ಅವರು ಅದನ್ನು ಬಾರಿಸಿದರೆ ಶಾಲೆಯಷ್ಟೇ ಅಲ್ಲ, ಊರೂ ಎದ್ದು ಕೂರುತ್ತಿತ್ತು. ಕಚೇರಿಯ ಗುಮಾಸ್ತರು ಊಟಕ್ಕೆ ಏಳುತ್ತಿದ್ದದ್ದೂ ಆ ಸದ್ದಿಗೇ.

ಅದು ನಿಜಾಮರ ಆಳ್ವಿಕೆಯ ಕಾಲ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು, ಇಲ್ಲಿ ಚಿಮಣಿ ಎಣ್ಣೆಗೂ ಕಾಗದಕ್ಕೂ ತತ್ವಾರವಾಗಿತ್ತು. ನಾನು ಯಲಬುರ್ಗಾ ಕಡೆಯ ಒಕ್ಕಲು ಮನೆಯವನು, ಕೊಪ್ಪಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ತ್ರಿಕೋನಕ್ಕೆ ಮುಸಲ್ಲಸ್, ವೃತ್ತಕ್ಕೆ ದಾಯಿರಾ ಎಂದು ಬಾಯಿಪಾಠ ಮಾಡುವುದರಲ್ಲೇ ಅರ್ಧ ಬುದ್ಧಿ ಖರ್ಚಾಗಿ, ಲೆಕ್ಕ ಬಿಡಿಸಲು ಉಳಿದರ್ಧ ಸಾಲುತ್ತಿರಲಿಲ್ಲ.

ಮೆಟ್ರಿಕ್‌ಗೆ ಕಟ್ಟುವವರಿಗೆ ಸಾದಾ ಗಣಿತದ ಜೊತೆ ಒಂದು ಮೇಲ್ಮಟ್ಟದ ಗಣಿತವೂ ಇತ್ತು. ಬೇಕಾದವರು ತೆಗೆದುಕೊಳ್ಳಬಹುದು. ಆದರೆ ಅದನ್ನು ತೆಗೆದುಕೊಳ್ಳದವನಿಗೆ ಮುಂದೆ ಕಾಲೇಜಿನಲ್ಲಿ ವಿಜ್ಞಾನದ ಬಾಗಿಲು ಮುಚ್ಚಿದಂತೆಯೇ. ನಮ್ಮಲ್ಲಿ ಆ ಕ್ಲಾಸು ಇರಲಿಲ್ಲ. ನಮ್ಮ ಗಣಿತದ ಮಾಸ್ತರರು ಅರ್ಜಿಯ ಮೇಲೆ ಅರ್ಜಿ ಹಾಕಿ, ಕಡೆಗೂ ಒಪ್ಪಿಗೆ ತಂದರು. ಒಂದೇ ಷರತ್ತು. ಆರು ಜನ ಇರಬೇಕು, ಪರೀಕ್ಷೆಯವರೆಗೂ ಆರು ಜನ ಉಳಿಯಬೇಕು. ಒಬ್ಬ ಕಡಿಮೆಯಾದರೂ ಕ್ಲಾಸು ಬಂದ್.

ಕುಷ್ಟಗಿಯಿಂದ ಒಬ್ಬ, ಗಂಗಾವತಿಯಿಂದ ಇಬ್ಬರು, ಊರಿನವನೊಬ್ಬ, ನಾನು ಸೇರಿ ಐವರಾದೆವು. ಆರನೆಯವನು ಗಿಣಿಗೇರಾದ ಒಬ್ಬ ವ್ಯಾಪಾರಿಯ ಮಗ. ಹೆಸರು ಕಳಿಸಬೇಕಾದ ದಿನವೇ ಅವರಪ್ಪ ಬಂದು, ಅಂಗಡಿಯಲ್ಲಿ ಕೂರಿಸುತ್ತೇನೆಂದು ಅವನನ್ನು ಕರೆದುಕೊಂಡು ಹೋದ. ಮಾಸ್ತರರು ಹೆಸರಿನ ಪಟ್ಟಿಯನ್ನು ಮುಂದಿಟ್ಟುಕೊಂಡು ತಲೆಯ ಮೇಲೆ ಕೈಹೊತ್ತು ಕುಳಿತರು. ಕಿಟಕಿ ಮುಚ್ಚಲು ಬಂದ ಗಂಟಿ ಕಾಕಾ ಅದನ್ನು ನೋಡಿ ಕೇಳಿದರು:

“ನನ್ನ ಹೆಸರು ಬರದ್ರ ನಡೀತೈತೇನ್ರಿ ಮಾಸ್ತರ?”

ನಾವು ಐವರೂ ನಕ್ಕೆವು. ಮಾಸ್ತರರೂ ನಕ್ಕರು, ಆದರೆ ಅರ್ಧಕ್ಕೇ ನಿಲ್ಲಿಸಿದರು. ಕಾಕಾ ಅದೇ ಶಾಲೆಯಲ್ಲಿ ಎಂಟು ದಾಟಿ ಒಂಬತ್ತಕ್ಕೆ ಬಂದಿದ್ದವರು. ಅಪ್ಪ ತೀರಿಕೊಂಡದ್ದರಿಂದ ಓದು ಬಿಟ್ಟು ಗಂಟೆ ಬಾರಿಸಲು ನಿಂತವರು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಹತ್ತು ಹನ್ನೆರಡು ವರ್ಷ ಕೇಳಿದ ಪಾಠ ಅವರ ತಲೆಯಲ್ಲಿ ಎಷ್ಟಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಮಾಸ್ತರರು ಎರಡು ಲೆಕ್ಕ ಕೊಟ್ಟರು. ಕಾಕಾ ಎರಡನ್ನೂ ಬಿಡಿಸಿದರು. ಹೆಡ್‌ಮಾಸ್ತರರು ಕಣ್ಣು ಮುಚ್ಚಿ ಸಹಿ ಹಾಕಿದರು, ಅಂದರೆ ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ.

ಅಂದಿನಿಂದ ಒಂದು ತಮಾಷೆ ಶುರುವಾಯಿತು. ಕಾಕಾ ಗಂಟೆ ಬಾರಿಸಿ ಓಡೋಡಿ ಬಂದು, ಬಿಲ್ಲೆಯ ಪಟ್ಟಿಯನ್ನು ಗೂಟಕ್ಕೆ ಹಾಕಿ ಬೆಂಚಿನ ತುದಿಗೆ ಕೂರುವರು. ಕ್ಲಾಸು ಮುಗಿಯುವ ಹೊತ್ತಿಗೆ ಪಟ್ಟಿ ಎಳೆದುಕೊಂಡು ಮತ್ತೆ ಓಟ. ನಾವು ಅವರನ್ನು ಚೇಷ್ಟೆ ಮಾಡದ ದಿನವಿಲ್ಲ. “ಕಾಕಾ, ನಿಮ್ಮ ಗಂಟಿ ನೀವ ಬಾರಸ್ಕೋತೀರಲ್ಲ!” ಎಂದರೆ, “ಅದಕ್ಕ ತಮ್ಮಾ, ನಾ ಕ್ಲಾಸಿಗೆ ತಡಾ ಮಾಡಿ ಬರಾಕ ಬರಂಗಿಲ್ಲ” ಎಂದು ನಗುತ್ತಿದ್ದರು.

ಆರು ಜನರಲ್ಲಿ ದಡ್ಡ ನಾನೇ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಉಳಿದ ನಾಲ್ವರು ಬದುಕಿದ್ದರೆ ಸಾಕ್ಷಿ ಹೇಳುತ್ತಿದ್ದರು. ಒಂದು ದಿನ ಊಟಕ್ಕೆ ಮುಂಚಿನ ಕ್ಲಾಸಿನಲ್ಲಿ ಅರ್ಧವೃತ್ತದ ಪ್ರಮೇಯ ನನ್ನ ತಲೆಗೆ ಹತ್ತದೆ ನಾನು ಅಳುವಂತಾದೆ. ಪುಸ್ತಕ ಮುಚ್ಚಿ, “ನಾ ಈ ಕ್ಲಾಸ್ ಬಿಡ್ತೀನಿ” ಎಂದುಬಿಟ್ಟೆ. ಮಾಸ್ತರರು ಹೆಡ್‌ಮಾಸ್ತರರ ಕೋಣೆಗೆ ಹೋಗಿದ್ದರು. ಕಾಕಾ ಎದ್ದು ಸೀಮೆಸುಣ್ಣ ತೆಗೆದುಕೊಂಡರು.

“ಏ ತಮ್ಮಾ, ನಿಮ್ಮ ಹೊಲದಾಗ ಕಣಾ ಮಾಡ್ತೀರಿಲ್ಲೋ? ನಡುವ ಮೇಟಿ ಕಂಬಾ ಹುಗೀತೀರಿ, ಎತ್ತಿಗೆ ಹಗ್ಗಾ ಕಟ್ತೀರಿ. ಎತ್ತು ಎಲ್ಲಿ ನಿಂತ್ರೂ ಹಗ್ಗದ ಅಳತಿ ಒಂದ ಹೌದಲ್ಲೋ?”

ಹೌದೆಂದೆ. ಅವರು ಕಣ ಬರೆದರು. ಮೇಟಿಯ ಮೇಲೆ ಹಾದು ಹೋಗುವ ಒಂದು ಅಡ್ಡಗೆರೆ, ಅಂಚಿನಲ್ಲಿ ಎಲ್ಲೋ ಒಂದು ಎತ್ತು, ಎತ್ತಿನಿಂದ ಮೇಟಿಗೊಂದು ಹಗ್ಗ, ಅಡ್ಡಗೆರೆಯ ಎರಡು ತುದಿಗೂ ಒಂದೊಂದು ಗೆರೆ. ಕಣದೊಳಗೆ ಎರಡು ತ್ರಿಕೋನವಾದವು. “ಎಲ್ಲಾ ಹಗ್ಗ ಒಂದ ಅಳತಿ ಅಂದ ಮ್ಯಾಲ ಈ ಎರಡು ಮೂಲಿ ಸಮ, ಆ ಎರಡು ಮೂಲಿ ಸಮ. ಈಗ ನೀನ ಕೂಡಸು.” ನಾನು ಕೂಡಿಸಿದೆ. ಎತ್ತು ಎಲ್ಲಿ ನಿಂತರೂ ಅದು ನಿಂತ ಜಾಗದ ಕೋನ ತೊಂಬತ್ತೇ! ಎತ್ತನ್ನು ಅಲ್ಲಿ ನಿಲ್ಲಿಸಿ, ಇಲ್ಲಿ ನಿಲ್ಲಿಸಿ ನೋಡಿದೆ. ಎಲ್ಲ ಕಡೆಯೂ ತೊಂಬತ್ತೇ. ನನಗೆ ಹುಚ್ಚು ಹಿಡಿದಂತಾಯಿತು. ಅವರಿಗೂ ಅಷ್ಟೇ. ಆರೂ ಜನ ಬೋರ್ಡಿನ ಮುಂದೆ ನಿಂತು ಕೂಗಾಡುತ್ತಿದ್ದೆವು…

ಊಟದ ಗಂಟೆ ಬಾರಿಸಿದ್ದು ಅರ್ಧ ತಾಸು ತಡವಾಗಿ.

ಊರೆಲ್ಲ ಅರ್ಧ ತಾಸು ಹಸಿದು ಕೂತಿತ್ತು. ಅದಾದರೂ ನಗೆಯಲ್ಲಿ ಹೋಗುತ್ತಿತ್ತು. ಆದರೆ ರಾಯಚೂರಿನಿಂದ ಬಂದಿದ್ದ ಒಬ್ಬ ಅಧಿಕಾರಿ ನಮ್ಮ ಗಂಟೆಯನ್ನೇ ನಂಬಿ ರೈಲು ತಪ್ಪಿಸಿಕೊಂಡಿದ್ದರು. ಅವರು ದೂರು ಬರೆದರು. ಹದಿನೈದು ದಿನದೊಳಗೆ ಶಾಲಾ ತಪಾಸಣೆಯ ಸಾಹೇಬರು ಬಂದಿಳಿದರು.

ಅವರಿಗೆ ಬಾಗಿಲು ತೆರೆದು ಸಲಾಮು ಮಾಡಿದವರು ಗಂಟಿ ಕಾಕಾ. ನೀರು ಕೊಟ್ಟವರೂ ಅವರೇ. ಸಾಹೇಬರು ಕ್ಲಾಸಿಗೆ ಬಂದು ಹಾಜರಿ ಪುಸ್ತಕ ತೆರೆದು ಆರನೆಯ ಹೆಸರು ಕೂಗಿದಾಗ ‘ಹಾಜರ್’ ಎಂದು ಎದ್ದು ನಿಂತವರೂ ಅವರೇ. ಸಾಹೇಬರು ಅವರನ್ನೂ, ಗೂಟದ ಮೇಲಿನ ಬಿಲ್ಲೆಯನ್ನೂ ನೋಡಿದರು. ಬೋರ್ಡಿಗೆ ಕರೆದು ಒಂದರ ಹಿಂದೊಂದು ಮೂರು ಪ್ರಶ್ನೆ ಕೇಳಿದರು. ಕಾಕಾ ಮೂರಕ್ಕೂ ಅಚ್ಚ ಉರ್ದುವಿನಲ್ಲಿ ಉತ್ತರ ಹೇಳಿದರು. ಸಾಹೇಬರು ಕೆಟ್ಟವರಲ್ಲ, ‘ಶಾಬಾಶ್’ ಎಂದರು. ಆಮೇಲೆ ಹೇಳಿದರು, ಒಬ್ಬನೇ ಮನುಷ್ಯ ಒಂದೇ ಶಾಲೆಯಲ್ಲಿ ನೌಕರನೂ ವಿದ್ಯಾರ್ಥಿಯೂ ಆಗಿರಲು ಕಾನೂನಿಲ್ಲ, ಯಾವುದಾದರೂ ಒಂದನ್ನು ಬಿಡಬೇಕು. ಹೆಸರು ಹೊಡೆದುಹಾಕಿದರೆ ಐದೇ ಉಳಿಯುತ್ತದೆ, ಕ್ಲಾಸು ಇವತ್ತೇ ಮುಚ್ಚಬೇಕಾಗುತ್ತದೆ.

ಕಾಕಾ ಗೂಟದ ಹತ್ತಿರ ಹೋಗಿ ಪಟ್ಟಿ ತೆಗೆದುಕೊಂಡರು. ನಮ್ಮ ಕ್ಲಾಸು ಮುಗಿಯಿತು ಎಂದುಕೊಂಡೆ. ಅವರು ಬಿಲ್ಲೆಯನ್ನು ಧೋತರದ ಅಂಚಿನಿಂದ ಒಮ್ಮೆ ಒರೆಸಿ ಸಾಹೇಬರ ಮುಂದೆ ಮೇಜಿನ ಮೇಲಿಟ್ಟರು. ಮಾಸ್ತರರು ಗಾಬರಿಯಾದರು. “ಬ್ಯಾಡೋ ಮಾರಾಯಾ, ಮನ್ಯಾಗ ಹೆಂಡ್ತಿ ಅದಾಳ, ಮುದುಕಿ ತಾಯಿ ಅದಾಳ” ಎಂದು ಕನ್ನಡದಲ್ಲೇ ಅಂದುಬಿಟ್ಟರು.

“ಗಂಟಿ ಬಾರಸಾಕ ಯಾರರ ಸಿಗ್ತಾರ್ರಿ ಮಾಸ್ತರ. ಈ ಐದ್ ಮಂದಿಗೆ ಆರನೇದಾಂವ ಎಲ್ಲಿಂದ ಬರಬೇಕ್ರಿ?”

ಹಾಗೆಂದು ನನ್ನ ಕಡೆ ನೋಡಿ ನಕ್ಕರು. ಆ ಗಂಟೆ ತಡವಾದದ್ದು ನನ್ನ ದೆಸೆಯಿಂದ ಎಂದು ಅವರು ಸಾಹೇಬರಿಗೂ ಹೇಳಲಿಲ್ಲ, ನನಗೂ ಎಂದೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವತ್ತು ಬಾಯಿ ಮುಚ್ಚಿಕೊಂಡು ಕುಳಿತದ್ದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅವರಿಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಕೂಲಿ ಸಿಕ್ಕಿತು. ಮುಂಜಾನೆಯ ಪಾಳಿ ಮುಗಿಸಿ ನೆಟ್ಟಗೆ ಕ್ಲಾಸಿಗೆ ಬರುತ್ತಿದ್ದರು. ತಲೆ, ಮೀಸೆ, ಹುಬ್ಬು ಎಲ್ಲ ಹತ್ತಿ. ಹೊಸ ಚಪರಾಸಿ ಗಂಟೆ ಬಾರಿಸಿದರೆ ಇವರ ಕೈ ತಾನಾಗಿ ಗೂಟದ ಕಡೆ ಹೋಗುತ್ತಿತ್ತು. ಹೀಗೆಯೇ ಎರಡು ವರ್ಷ ತುಂಬಿಸಿದರು. ಆರೂ ಜನ ರಾಯಚೂರಿಗೆ ಹೋಗಿ ಪರೀಕ್ಷೆ ಬರೆದೆವು. ಐವರು ಪಾಸಾದೆವು. ಗಣಿತದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಅಂಕ ತೆಗೆದ ಕಾಕಾ ಇಂಗ್ಲಿಷಿನಲ್ಲಿ ಹೋದರು. ಒಂದು ವಿಷಯ ಹೋದರೆ ಎಲ್ಲವೂ ಹೋದಂತೆ, ಸರ್ಟಿಫಿಕೇಟಿಲ್ಲ.

ನಾನು ಹೈದರಾಬಾದಿನ ಕಾಲೇಜಿಗೆ ಹೊರಟಾಗ ಸ್ಟೇಷನ್ನಿಗೆ ಬಂದಿದ್ದರು. “ಇಂಗ್ಲಿಷ್ ಒಂದ ಉಳದೈತಿ ನೋಡು ತಮ್ಮಾ. ಅದನ್ನೂ ಹೊಡದ್ರ ನಂಗೂ ಎಲ್ಲ್ಯರ ಸಾಲ್ಯಾಗ ಮಾಸ್ತರಕಿ ಸಿಗತೈತಿ” ಎಂದರು. ಇಂಗ್ಲಿಷ್ ಪಾಠಗಳಿಗೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅರ್ಥ ಬರೆದು, ರಜೆಗೆ ಬರುವಾಗ ತರುತ್ತೇನೆಂದು ಕೈ ಹಿಡಿದು ಹೇಳಿದೆ. ಹೇಳುವಾಗ ನಿಜವಾಗಿಯೂ ಬರೆಯಬೇಕೆಂದೇ ಇತ್ತು.

ಬರೆಯಲಿಲ್ಲ. ಹೊಸ ಊರು, ಹೊಸ ಗೆಳೆಯರು, ಹೊಸ ಪ್ಯಾಂಟು… ಬೇಸಿಗೆ ರಜೆಗೆ ಬಂದವನು ಒಂದು ಮಧ್ಯಾಹ್ನ ಇಬ್ಬರು ಗೆಳೆಯರ ಜೊತೆ ಜಿನ್ನಿನ ಮುಂದೆ ಹಾದುಹೋಗುತ್ತಿದ್ದೆ. ಗೇಟಿನಲ್ಲಿ ಹತ್ತಿ ತುಂಬಿದ ಅಂಡಿಗೆ ಹೊರುತ್ತಿದ್ದ ಕಾಕಾ ನೋಡಿಬಿಟ್ಟರು. ಹುಬ್ಬಿನ ಹತ್ತಿ ಒರೆಸಿಕೊಳ್ಳುತ್ತ ಹತ್ತಿರ ಬಂದರು.

“ತಂದೀಯೇನೋ ತಮ್ಮಾ?”

ಗೆಳೆಯರು ಯಾರಿದು ಎಂಬಂತೆ ನೋಡಿದರು. ‘ಇವರು ನನ್ನ ಸಹಪಾಠಿ’ ಎನ್ನಬೇಕಿತ್ತು. ‘ನನ್ನ ಗುರುಗಳು’ ಎಂದಿದ್ದರೂ ತಪ್ಪಿರಲಿಲ್ಲ. “ನಮ್ಮ ಸಾಲಿ ಚಪರಾಸಿ” ಎಂದೆ. ಅವರ ಕಡೆ ತಿರುಗಿ, “ನಾಳೆ ತರ್ತೀನಿ ಕಾಕಾ” ಎಂದೆ. ಮರುದಿನ ಮುಂಜಾನೆಯ ಗಾಡಿಗೇ ಯಲಬುರ್ಗಾಕ್ಕೆ ಹೋಗಿಬಿಟ್ಟೆ.

ನಾಲ್ಕೈದು ವರ್ಷಕ್ಕೆ ಓದು ಮುಗಿಸಿ ಗಣಿತದ ಮಾಸ್ತರನಾಗಿ ಅದೇ ಕೊಪ್ಪಳಕ್ಕೆ ಬಂದೆ. ಆಗ ಜಿನ್ನಿಗೆ ಹುಡುಕಿಕೊಂಡು ಹೋದೆ. ತಾಯಿ ತೀರಿದ ಮೇಲೆ ಕಾಕಾ ಹೆಂಡತಿಯ ತವರಾದ ಸಿದ್ದಾಪುರದ ಕಡೆ ಹೋದರಂತೆ, ಅಲ್ಲೇ ಜ್ವರ ಬಂದು ತೀರಿಕೊಂಡರಂತೆ. ಗೇಟಿನ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

“ಪುಸ್ತಕಾ ತರ್ತೀನಂದಾಂವ ನೀನ ಏನಪಾ? ನೀ ಬರ್ತೀನಂದ ದಿನಾ ಊಟಕ್ಕೂ ಮನಿಗೆ ಹೋಗ್ಲಿಲ್ಲ ಅಂವ. ಬಂದ ಹುಡುಗ ತಿರುಗಿ ಹೋದಾನು ಅಂತ ಇಲ್ಲೇ ನಿಂತಿದ್ದ.”

ಮೂವತ್ತು ವರ್ಷ ನಾನು ಅರ್ಧವೃತ್ತದ ಪ್ರಮೇಯವನ್ನು ಕಣ, ಮೇಟಿ, ಎತ್ತು ಬರೆದೇ ಕಲಿಸಿದೆ. ಮಕ್ಕಳು ಸಂತೋಷಪಟ್ಟರು, ತಪಾಸಣೆಗೆ ಬಂದವರು ಹೊಗಳಿದರು. ಇದು ನಿಮ್ಮದೇ ಯುಕ್ತಿಯೇ ಎಂದು ಒಬ್ಬರು ಕೇಳಿದಾಗ ಸುಮ್ಮನೆ ನಕ್ಕಿದ್ದೂ ಉಂಟು. ನಾವು ಐವರು ಉಂಡ ಅನ್ನವೆಲ್ಲ ಆ ಕ್ಲಾಸಿನದು. ತನ್ನ ಅನ್ನ ಬಿಟ್ಟು ಅದನ್ನು ಉಳಿಸಿದವರಿಗೆ ಬೇಕಾಗಿದ್ದದ್ದು ಒಂದು ನೋಟ್‌ಬುಕ್ಕು.

ಅಂಗಳದಲ್ಲಿ ಹತ್ತಿ ಹಿಂಜುವುದು ಮುಗಿದಿತ್ತು. ಮಗಳು ಚಹಾ ತಂದವಳು ನನ್ನ ಮುಖ ನೋಡಿ, “ಅಪ್ಪಾ, ಹುಬ್ಬಿಗೆಲ್ಲ ಹತ್ತಿ ಹತ್ತೇತಿ ನೋಡ್ರಿ, ಒರಸ್ಕೋರಿ” ಎಂದಳು.

“ಇರಲಿ ಬಿಡವ್ವಾ, ನಾಳೆ ಜಳಕದಾಗ ಹೋಗತೈತಿ” ಎಂದು ಬಾಯಿಗೆ ಬಂತು. ಕಾಕಾಗೆ ಹೇಳಿದ್ದ ಆ ‘ನಾಳೆ’ಯನ್ನು ಮತ್ತೆ ಆಡಲಾಗಲಿಲ್ಲ. ಚಹಾದ ಕಪ್ಪಿಗೆ ಕೈ ಚಾಚಿದೆ.